ಹೆಣಕ್ಕೆ ಸಿಕ್ಕ ಕಾನೂನು

ಆರೋಗ್ಯದ ಮಾತು ಬಂದರೆ ನಮ್ಮ ವಿದ್ಯಾವಂತರು ಡಾಕ್ಟರ ಬಗ್ಗೆ ಮಾತಾಡುತ್ತಾರೆ, ಔಷಧಿಯ ಬಗ್ಗೆ ಮಾತಾಡುತ್ತಾರೆ. ತುಸು ಹೆಚ್ಚು ಓದಿದವರಾದರೆ ಜನರ ಅಜ್ಞಾನ, ಮೂಢನಂಬಿಕೆ ಅಂತ ಭಾಷಣ ಬಿಗಿಯುತ್ತಾರೆ. ಹೊಲಗೇರಿಯಲ್ಲಿ ಕೂಸು ಸತ್ತರೆ ತಾಯಿಗೆ ತಿಳುವಳಿಕೆ ಇರಲಿಲ್ಲ ಅನ್ನುತ್ತಾರೆ. ವಿಧಾನಸೌಧದ ತಿಳುವಳಿಕೆ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತುವುದಿಲ್ಲ. ಕಾಯಿಲೆ ಮೈಗೆ ಬರುತ್ತೆ, ನಿಜ. ಆದರೆ ಯಾರ ಕಾಯಿಲೆ ವಾಸಿಯಾಗಬೇಕು, ಯಾರದು ಆಗದಿದ್ದರೂ ನಡೆಯುತ್ತೆ ಅನ್ನೋದು ತೀರ್ಮಾನವಾಗೋದು ಬಜೆಟ್ಟಿನಲ್ಲಿ, ಶಾಸನಸಭೆಯಲ್ಲಿ, ಕೆಲವು ಸಲ ಮಂತ್ರಿಗಳ ಮನೆಯ ಹಜಾರದಲ್ಲಿ.

ಇದನ್ನು ಬರೀ ಸಿಟ್ಟಿನಿಂದ ಹೇಳುತ್ತಿಲ್ಲ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರಲ್ಲ, ಅದು ಆರೋಗ್ಯ ಇಲಾಖೆಯ ಕೆಲಸವಾಗಿರಲಿಲ್ಲ. ಆದರೂ ನನ್ನ ಪಾಲಿಗೆ ಆ ಕಾಲದ ಅತಿ ದೊಡ್ಡ ಆರೋಗ್ಯ ನೀತಿ ಅದೇ. ಅದಕ್ಕೂ ಮುಂಚೆ 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಎದ್ದು ನಿಂತು, ಹೆರಿಗೆಯಾಗುವ ಕೂಲಿ ಹೆಂಗಸಿಗೆ ಸಂಬಳದ ರಜೆ ಕೊಡಬೇಕು ಅನ್ನುವ ಮಸೂದೆಯನ್ನು ಬೆಂಬಲಿಸಿದ್ದರು. ಒಬ್ಬ ತಾಯಿಯ ಬಾಣಂತನ ಅವಳ ಗುಡಿಸಲಿನ ಖಾಸಗಿ ಸಂಗತಿಯಲ್ಲ, ರಾಜ್ಯದ ಹೊಣೆ ಅಂತ ವಾದಿಸಿದ ಮನುಷ್ಯ ಅವರು. ಆಮೇಲೆ ಕಾರ್ಮಿಕರ ವಿಮಾ ಕಾಯಿದೆ ಬಂದದ್ದು 1948ರಲ್ಲಿ. ಅದು ಕಾರ್ಖಾನೆಯ ಗೇಟಿನೊಳಗೇ ಉಳಿಯಿತು. ಕಬ್ಬು ಕಡಿಯುವವಳು, ನಾಟಿ ಹಾಕುವವಳು ಗೇಟಿನ ಆಚೆಗೇ ಉಳಿದಳು.

ಸಂವಿಧಾನ ತೆಗೆದು ನೋಡಿ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ದವಾಖಾನೆ ಇವೆಲ್ಲ ರಾಜ್ಯದ ಪಟ್ಟಿಯಲ್ಲಿವೆ. ಜನರ ಆರೋಗ್ಯ ಸುಧಾರಿಸುವುದು ಸರ್ಕಾರದ ಕರ್ತವ್ಯ ಅಂತ 47ನೇ ವಿಧಿ ಹೇಳುತ್ತೆ. ಆದರೆ ಅದು ನಿರ್ದೇಶಕ ತತ್ವ. ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. ಇನ್ನು ತುರ್ತುಪರಿಸ್ಥಿತಿಯ ಹೊತ್ತಿಗೆ, 1976ರಲ್ಲಿ, 42ನೇ ತಿದ್ದುಪಡಿಯಾಯಿತು. ಆಗ ಜನಸಂಖ್ಯಾ ನಿಯಂತ್ರಣ, ಕುಟುಂಬ ಯೋಜನೆ ಎರಡನ್ನೂ ಸಮವರ್ತಿ ಪಟ್ಟಿಗೆ ಸೇರಿಸಿದರು. ಅಂದರೆ ನಮಗೆ ಔಷಧಿ ಕೊಡುವುದು ರಾಜ್ಯದ ಕೆಲಸ, ನಮಗೆ ಮಕ್ಕಳಾಗದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಡೆಲ್ಲಿಗೂ ಸಂವಿಧಾನದಲ್ಲೇ ಜಾಗ! 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಮೀರಿ ಸಂತಾನಹರಣ ಆಪರೇಷನ್ ನಡೆದವು. ಉತ್ತರದ ಕಡೆ ಮೇಷ್ಟ್ರುಗಳಿಗೂ ಕೋಟಾ ಹಾಕಿ, ತಲೆ ತಂದುಕೊಡದವರ ಸಂಬಳ ತಡೆದರು. ಮೇಷ್ಟ್ರು ಯಾರನ್ನು ಹಿಡಿದುಕೊಟ್ಟಿರುತ್ತಾರೆ? ಊರ ಜಮೀನ್ದಾರನನ್ನೇ? ಸರ್ಕಾರ ಮನಸ್ಸು ಮಾಡಿದರೆ ಕೇರಿಯ ಕಟ್ಟಕಡೆಯ ಗುಡಿಸಲಿಗೂ ಬರಬಲ್ಲದು ಅನ್ನೋದು ಆವತ್ತೇ ರುಜುವಾತಾಯಿತು.

ಹಾಗಾದರೆ ಉಳಿದ ದಿನ ಯಾಕೆ ಬರೋದಿಲ್ಲ? ದುಡ್ಡಿಲ್ಲದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ ಭೋರ್ ಸಮಿತಿ ವರದಿ ಕೊಟ್ಟದ್ದು 1946ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಶುರುವಾದದ್ದು 1952ರಲ್ಲಿ. ಬಯಲು ಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ ಒಂದು ಕೇಂದ್ರ, ಐದು ಸಾವಿರಕ್ಕೆ ಒಂದು ಉಪಕೇಂದ್ರ ಅಂತ ಲೆಕ್ಕ. ಲೆಕ್ಕ ಚೆನ್ನಾಗಿದೆ. ಆದರೆ ಆ ಕಟ್ಟಡ ಎಲ್ಲಿ ಏಳಬೇಕು? ನಮ್ಮ ಕಡೆ ಅದು ಏಳೋದು ಶಾಸಕರಿಗೆ ಬೇಕಾದವರ ಜಮೀನಿನ ಮಗ್ಗುಲಲ್ಲಿ. ನರ್ಸಮ್ಮ ಬಂದು ಕೂರೋದು ಊರೊಳಗಿನ ದೊಡ್ಡಮನೆ ಜಗಲಿ ಮೇಲೆ. 'ಕೇರಿಯೋರೆಲ್ಲ ಇಲ್ಲಿಗೇ ಬಂದು ಸೂಜಿ ಹಾಕಿಸ್ಕಳಿ' ಅಂತ ಡಂಗುರ. ಆ ಜಗಲಿ ಹತ್ತುವಂತಿಲ್ಲ ಅನ್ನೋದು ನರ್ಸಮ್ಮನಿಗೂ ಗೊತ್ತು, ನಮ್ಮವ್ವನಿಗೂ ಗೊತ್ತು. ಇದು ನಮ್ಮೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಹನ್ನೊಂದು ರಾಜ್ಯಗಳ 565 ಹಳ್ಳಿಗಳನ್ನು ಸುತ್ತಿ ಬಂದ ಅಧ್ಯಯನವೊಂದು 2006ರಲ್ಲಿ ಪುಸ್ತಕವಾಯಿತು. ಮೂರರಲ್ಲಿ ಒಂದು ಹಳ್ಳಿಯಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗಲು ಒಪ್ಪುವುದಿಲ್ಲ ಅಂತ ಅದರಲ್ಲಿದೆ.

ಹೀಗೆ ಸರ್ಕಾರಿ ಆಸ್ಪತ್ರೆಯನ್ನು ಬಡಕಲು ಮಾಡಿಟ್ಟ ರಾಜಕಾರಣವೇ ಖಾಸಗಿಯವರಿಗೆ ಮೇವು ಹಾಕಿ ಬೆಳೆಸಿತು. ಖಾಸಗಿ ವೈದ್ಯಕೀಯ ಕಾಲೇಜಿನ ವ್ಯಾಪಾರ ಕುದುರಿದ ಮೊದಲ ನಾಡುಗಳಲ್ಲಿ ನಮ್ಮದೂ ಒಂದು. 1989ರ ಸರ್ಕಾರಿ ಅಧಿಸೂಚನೆ ಏನು ಹೇಳಿತ್ತು ಗೊತ್ತೆ? ಖಾಸಗಿ ಕಾಲೇಜಿನಲ್ಲಿ ಸರ್ಕಾರದ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. ಕ್ಯಾಪಿಟೇಶನ್ ಸಲ್ಲದು ಅಂತ 1992ರಲ್ಲಿ ತೀರ್ಪು ಬಂತು. ಮರುವರ್ಷವೇ ಉಣ್ಣಿಕೃಷ್ಣನ್ ಮೊಕದ್ದಮೆಯಲ್ಲಿ ಅದನ್ನು ಸಡಿಲ ಮಾಡಿ, ದುಡ್ಡು ಕಟ್ಟುವವರ ಸೀಟು ಬೇರೆ ಅಂತ ಒಪ್ಪಿದರು. ಆ 1989ರಲ್ಲಿ ನಮ್ಮಪ್ಪ ಗೌಡರ ಮನೆಯಲ್ಲಿ ವರ್ಷಕ್ಕೆ ಇಷ್ಟು ಅಂತ ಆಳಾಗಿದ್ದ. ಜೀತ 1976ರಲ್ಲೇ ಕಾನೂನಿನಲ್ಲಿ ರದ್ದಾಗಿತ್ತು, ಊರಿನಲ್ಲಿ ರದ್ದಾಗಿರಲಿಲ್ಲ. ಸೀಟಿಗೆ ದುಡ್ಡು ಸುರಿದು ಡಾಕ್ಟರಾದವನು ಅದನ್ನು ಯಾರ ಮೈಯಿಂದ ವಾಪಸು ತೆಗೆಯುತ್ತಾನೆ?

2014ರಲ್ಲಿ, ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, ನಮ್ಮ ಚಿಕ್ಕಪ್ಪ ಕಬ್ಬಿನ ಟ್ರ್ಯಾಕ್ಟರಿನ ಚಕ್ರಕ್ಕೆ ಸಿಕ್ಕಿದ. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಿರಲಿಲ್ಲ. ಪಟ್ಟಣದ ಖಾಸಗಿ ಆಸ್ಪತ್ರೆಗೆ ಹಾಕಿದೆವು. ಮೂರನೇ ದಿನಕ್ಕೆ ತೀರಿಕೊಂಡ. ಬಾಕಿ ಕಟ್ಟುವ ತನಕ ಹೆಣ ಕೊಡೋದಿಲ್ಲ ಅಂದರು. ಚಿಕ್ಕವ್ವನ ಓಲೆ ಹೋಯಿತು, ಎರಡು ಆಡು ಹೋದವು. ಅಪ್ಪ ಮತ್ತೆ ಅದೇ ಗೌಡರ ಬಾಗಿಲಿಗೆ ಹೋದ. ಬೆಳಗಿನಿಂದ ಹೊತ್ತು ಮುಳುಗುವ ತನಕ ಚಿಕ್ಕವ್ವ ದುಡ್ಡು ಕಟ್ಟುವ ಕಿಟಕಿಯ ಮುಂದೆ ಕೂತಿದ್ದಳು. 'ಅವ್ವಾ, ಸತ್ತೋನ್ನ ಮಡಿಕಂಡು ನೀವೇನ್ ಮಾಡೀರಿ? ನಾವಾದ್ರೆ ಮಣ್ಣಾದ್ರೂ ಮಾಡ್ತೀವಿ' ಅಂದಳು. ಕಿಟಕಿಯೊಳಗಿನ ಹುಡುಗಿ ತಲೆ ಎತ್ತಲಿಲ್ಲ. ಅವಳೂ ನಮ್ಮಂಥೋರ ಮನೆ ಮಗಳೇ ಇರಬೇಕು.

ಇಂಥವನ್ನು ಹದ್ದಿನಲ್ಲಿಡಲು ನಾಡಿನಲ್ಲಿ ಕಾಯಿದೆಯೊಂದು ಇರಲೇ ಇಲ್ಲ ಅಂತಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರದ್ದು. ಅದಕ್ಕೆ ಹಲ್ಲು ಕೂರಿಸುತ್ತೇವೆ ಅಂತ 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ತಿದ್ದುಪಡಿ ತಂದಿತು. ಆರೋಗ್ಯ ಮಂತ್ರಿ ರಮೇಶ್ ಕುಮಾರ್ ಮುಂದೆ ನಿಂತರು. ಯಾವ ಚಿಕಿತ್ಸೆಗೆ ಎಷ್ಟು ಅಂತ ಸರ್ಕಾರವೇ ದರ ಗೊತ್ತು ಮಾಡುವುದು, ಮೀರಿ ವಸೂಲಿ ಮಾಡಿದರೆ ಜೈಲು, ದೂರು ಕೇಳಲು ಜಿಲ್ಲೆಗೊಂದು ಸಮಿತಿ. ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿದರು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ದಿನಾ ಪತ್ರಿಕೆಗಳಲ್ಲಿ ಬಂತು. ಹೈಕೋರ್ಟು ಕೆಲಸಕ್ಕೆ ಮರಳಿ ಅಂತ ಹೇಳಬೇಕಾಯಿತು. ಮುಖ್ಯಮಂತ್ರಿಗಳು ಕರೆದು ಮಾತಾಡಿದರು. ಅದೇ ತಿಂಗಳು ಬೆಳಗಾವಿ ಅಧಿವೇಶನದಲ್ಲಿ ಕಾಯಿದೆ ಪಾಸಾಯಿತು, ಹಲ್ಲು ಕಿತ್ತುಕೊಂಡು. ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗೆ ಮಾತ್ರ ಅಂತ ಆಯಿತು. ಹೆಚ್ಚು ವಸೂಲಿಗೆ ಜೈಲು ಅನ್ನೋ ಮಾತು ಹೋಯಿತು.

ಡಾಕ್ಟರುಗಳ ಒಂದು ಮಾತು ಮಾತ್ರ ಸರಿಯಿತ್ತು, ಒಪ್ಪಬೇಕು. ಸರ್ಕಾರಿ ಆಸ್ಪತ್ರೆಗೂ ಇದೇ ಕಾಯಿದೆ ಅನ್ವಯಿಸಿ ಅಂದರು. ಯಾಕೆ ಅನ್ವಯಿಸಬಾರದು? ಡಾಕ್ಟರಿಲ್ಲದ ಸರ್ಕಾರಿ ಆಸ್ಪತ್ರೆ ಮೇಲೆ ನಮ್ಮ ಚಿಕ್ಕವ್ವ ಯಾರಿಗೆ ದೂರು ಕೊಡಬೇಕಿತ್ತು? ಆದರೆ ಅದನ್ನು ಹೇಳಿದವರಿಗೆ ಬೇಕಾಗಿದ್ದು ಎರಡು ಕಡೆಯೂ ನ್ಯಾಯವಲ್ಲ, ತಮ್ಮ ಕಡೆ ವಿನಾಯಿತಿ.

ಆ ಕಾಯಿದೆಯಲ್ಲಿ ನಮಗೆ ಉಳಿದದ್ದು ಇದು: ತುರ್ತು ಚಿಕಿತ್ಸೆಗೆ ಬಂದವರ ಹತ್ತಿರ ಮುಂಗಡ ಕಟ್ಟಿ ಅಂತ ಹಟ ಮಾಡುವಂತಿಲ್ಲ. ರೋಗಿ ಸತ್ತರೆ ಬಾಕಿಗಾಗಿ ಹೆಣ ತಡೆಯುವಂತಿಲ್ಲ. ಬದುಕಿರುವ ಮೈಗೆ ಎಷ್ಟು ಬೆಲೆ ಕಟ್ಟಬೇಕು ಅನ್ನೋದನ್ನು ಅವರಿಗೇ ಬಿಟ್ಟು, ಹೆಣವನ್ನು ನಮಗೆ ಬಿಡಿಸಿಕೊಟ್ಟರು. ಇದು ಸಣ್ಣದು ಅಂತ ನಾನು ಅನ್ನಲಾರೆ, ಆ ಕಿಟಕಿಯ ಮುಂದೆ ಕೂತವರ ಮನೆಯವನು ನಾನು.

ದರ ಗೊತ್ತು ಮಾಡಲಾಗದ ಸರ್ಕಾರಗಳು ಕಾರ್ಡು ಹಂಚಿದವು. 2003ರಲ್ಲಿ ಯಶಸ್ವಿನಿ, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್. ಪಕ್ಷ ಬೇರೆ, ಫೋಟೋ ಬೇರೆ, ದಾರಿ ಒಂದೇ: ನಮ್ಮ ಹೆಸರಿನಲ್ಲಿ ಸರ್ಕಾರದ ದುಡ್ಡು ದೊಡ್ಡ ಆಸ್ಪತ್ರೆಗೆ. ಕಾರ್ಡಿನಿಂದ ಜೀವ ಉಳಿದವರು ಇದ್ದಾರೆ. ನಮ್ಮ ಕೇರಿಯಲ್ಲೇ ಇಬ್ಬರಿಗೆ ಎದೆಯ ಆಪರೇಷನ್ ಆಗಿದೆ. ಆದರೆ ನಮ್ಮವ್ವನ ಬೀಪಿ ಮಾತ್ರೆಗೆ, ಪಕ್ಕದ ಮನೆ ಅಜ್ಜಿಯ ಮಂಡಿನೋವಿಗೆ ಕಾರ್ಡು ಆಗೋದಿಲ್ಲ. ಅದಕ್ಕೆ ಬೇಕಾದ್ದು ಊರ ಹತ್ತಿರದ ಆರೋಗ್ಯ ಕೇಂದ್ರ, ಅದರಲ್ಲೊಬ್ಬ ಡಾಕ್ಟರು, ಬೀರುವಿನಲ್ಲಿ ಮಾತ್ರೆ.

ಆ ಕೇಂದ್ರಕ್ಕೂ ಕೇರಿಗೂ ನಡುವೆ ನಡೆದಾಡುವವಳು ಆಶಾ. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಅವಳನ್ನು ನೇಮಿಸಿತು, ಆದರೆ ನೌಕರಳು ಅನ್ನಲಿಲ್ಲ, ಸ್ವಯಂಸೇವಕಿ ಅಂದಿತು. ಹಾಗಾಗಿ ಅವಳಿಗೆ ಸಂಬಳವಿಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾಗಳು ಹಗಲು ರಾತ್ರಿ ಕೂತರು. ತಿಂಗಳಿಗೆ ಹತ್ತು ಸಾವಿರಕ್ಕೆ ಕಡಿಮೆಯಾಗದಂತೆ ಕೊಡುತ್ತೇವೆ ಅನ್ನುವ ಭರವಸೆ ಪಡೆದು ಎದ್ದರು. ಅದನ್ನು ಕೇಳಲು ಆಗಸ್ಟಿನಲ್ಲಿ ಮತ್ತೆ ಬೀದಿಗೆ ಬರಬೇಕಾಯಿತು. ಡಾಕ್ಟರುಗಳು ಕೂತರೆ ಕಾಯಿದೆ ಏಳುತ್ತೆ. ಆಶಾಗಳು ಕೂತರೆ ಭರವಸೆ.

2017ರ ತಿದ್ದುಪಡಿಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇರಬೇಕು. ಕಳೆದ ವರ್ಷ ನಾನು, ಇಬ್ಬರು ಗೆಳೆಯರು ಅದನ್ನು ಹುಡುಕಿಕೊಂಡು ಹೋದೆವು. 'ಅದು ಡಿಎಚ್‌ಓ ಆಫೀಸಿನಲ್ಲಿ' ಅಂದರು. ಅಲ್ಲಿ 'ಡಿಸಿ ಆಫೀಸಲ್ಲೇ ಕೇಳಿ ಸಾರ್' ಅಂದರು. ಸಂಜೆಯ ಹೊತ್ತಿಗೆ ಒಬ್ಬ ಗುಮಾಸ್ತರು ಕನಿಕರಪಟ್ಟು, 'ಕಂಪ್ಲೇಂಟ್ ಕೊಡೋರೇ ಇಲ್ವಲ್ಲಪ್ಪ' ಅಂದರು. ಬಿಳಿ ಹಾಳೆಯಲ್ಲಿ ಬರೆದು ಮೊಹರು ಹಾಕಿಸಿಕೊಂಡು ಬಂದಿದ್ದೇವೆ. ಈ ಸಾಲು ಓದುತ್ತಿರುವ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಿಮ್ಮ ಜಿಲ್ಲೆಯಲ್ಲೂ ಒಂದು ದಿನ ಹೋಗಿ ಕೇಳಿ. ಯಾವ ಕಿಟಕಿ ತೋರಿಸಿದರು, ಏನು ಹೇಳಿದರು ಅಂತ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ.