ತಳಕಲ್ಲಿನಲ್ಲೊಂದು ತಳಶೋಧ

ನಮ್ಮೂರು ತಳಕಲ್. ಮೊದಲು ಯಲಬುರ್ಗಾ ತಾಲೂಕು, ಈಗ ಕುಕನೂರು. ಊರು ಮಾತ್ರ ಇದ್ದಲ್ಲೇ ಇದೆ. ಗದಗಿನಿಂದ ಕೊಪ್ಪಳಕ್ಕೆ ರೈಲಿನಲ್ಲಿ ಹೋಗುವವರು ಕಿಟಕಿಯಾಚೆ ಹಳದಿ ಬೋರ್ಡು ಕಂಡು, ಓದಿ ಮುಗಿಸುವಷ್ಟರಲ್ಲಿ ದಾಟಿಬಿಡುತ್ತಿದ್ದ ಊರು. ಈಗ ಹಾಗೆ ದಾಟಿಹೋಗುವ ಹಾಗಿಲ್ಲ. 2025ರ ಮೇ ತಿಂಗಳಿಂದ ಇಲ್ಲಿ ಹಳಿ ಕವಲೊಡೆದು ಕುಕನೂರು, ಯಲಬುರ್ಗಾ ಹಾದು ಕುಷ್ಟಗಿ ಮುಟ್ಟುತ್ತದೆ. ಗದಗ–ವಾಡಿ ಮಾರ್ಗ, ಗದಗ–ವಾಡಿ ಮಾರ್ಗ ಎಂದು ವರ್ಷಗಟ್ಟಲೆ ಕಿವಿಯಲ್ಲೇ ಓಡುತ್ತಿದ್ದ ರೈಲು ಕಡೆಗೂ ನೆಲಕ್ಕಿಳಿಯಿತು. ಆದರೆ ನಾನು ಹೇಳಹೊರಟದ್ದು ರೈಲಿನ ಮಾತಲ್ಲ, ಬ್ಯಾಗಿನ ಮಾತು. ರೈಲು ನಡುವೆ ಯಾಕೆ ಬಂತೆಂದರೆ, ಬ್ಯಾಗು ಅದರೊಳಗಿತ್ತು. ಅದೂ ನೆಲದ ಮೇಲೆ.

ಕುಷ್ಟಗಿಯ ಅಕ್ಕನ ಮನೆಗೆ ಹೋಗಿ ಬಂದಿದ್ದೆ. ಸೀಟಿನ ಮೇಲೆ ನಾನು, ಕಾಲ ಬುಡದಲ್ಲಿ ನನ್ನ ವ್ಯಾನಿಟಿ ಬ್ಯಾಗು. ಮನೆಗೆ ಬಂದವಳು ಚಪ್ಪಲಿಯನ್ನು ಹೊರಗೆ ಬಿಟ್ಟೆ, ಕೈಕಾಲು ತೊಳೆದೆ, ಬ್ಯಾಗನ್ನು ಹಾಸಿಗೆಯ ಮೇಲೆ ಒಗೆದು ಉಸ್ಸೆಂದು ಕೂತೆ. ನಲವತ್ತು ವರ್ಷ ಮಾಡಿದ್ದೂ ಅದನ್ನೇ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವ ನನ್ನ ತಮ್ಮನ ಮಗಳು, ಸೂಟಿಗೆ ಬಂದವಳು, ಹಾವು ಕಂಡವಳ ಹಾಗೆ ಚೀರಿದಳು.

“ಅತ್ತೀ! ಅದನ್ನ ಹಾಸಿಗಿ ಮ್ಯಾಲ ಇಡಬ್ಯಾಡ್ರಿ! ರೈಲಿನ್ಯಾಗ ಎಲ್ಲಿ ಇಟ್ಟಿದ್ರಿ?”

“ಕಾಲಾಗ.”

“ಕಾಲಾಗಂದ್ರ?”

“ಕಾಲಾಗಂದ್ರ ಕಾಲಾಗವ್ವ. ತಲಿ ಮ್ಯಾಲ ಹೊತ್ಗೊಂಡು ಕುಂದರಲೇನು?”

ಅವಳು ಎರಡು ಬೆರಳಿನಲ್ಲಿ ಬ್ಯಾಗನ್ನು ಎತ್ತಿ, ಸತ್ತ ಇಲಿಯ ಬಾಲ ಹಿಡಿದಂತೆ ಕಟ್ಟೆಗೆ ತಂದು, ಬೋರಲು ಹಾಕಿದಳು. “ಇದರ ತಳ ಯಾವಾಗರ ನೋಡೀರೇನ್ರಿ?”

ನೋಡಿರಲಿಲ್ಲ. ತಳಕಲ್ಲಿನಲ್ಲಿ ಹುಟ್ಟಿ, ತಳಕಲ್ಲಿನಲ್ಲೇ ಅಕ್ಕೋರಾಗಿ ಮಕ್ಕಳಿಗೆ ತಳ, ಬುಡ, ಅಡಿ ಎಂದು ಸಮಾನಾರ್ಥಕ ಪದ ಬರೆಸಿದವಳು ನಾನು. ನನ್ನ ಸ್ವಂತ ಚೀಲದ ತಳ ನೋಡಿರಲಿಲ್ಲ. ನೀವು ನೋಡಿದ್ದೀರಾ? ಈಗ ಎದ್ದು ಹೋಗಬೇಡಿ, ಆಮೇಲೆ ನೋಡುವಿರಂತೆ.

ಆ ತಳವನ್ನು ಓದುವುದಕ್ಕೆ ಶಾಸನತಜ್ಞರೇ ಬೇಕು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆಯಲ್ಲ, ಎರಡು ಸಾವಿರ ವರ್ಷ ದಾಟಿದರೂ ಅಕ್ಷರ ಉಳಿದಿವೆ. ನನ್ನ ಬ್ಯಾಗಿನದೂ ಅಂಥದೇ ಬಾಳಿಕೆಯ ಬರವಣಿಗೆ. ಎಲ್ಲಕ್ಕಿಂತ ಕೆಳಗೆ ಎರೆಮಣ್ಣಿನ ಕರಿ. ಅದರ ಮೇಲೆ ಬಸ್‌ಸ್ಟ್ಯಾಂಡಿನ ಚಹಾದ ಕಲೆ. ಒಂದು ಮೂಲೆಯಲ್ಲಿ ಯಾರೋ ಉಗುಳಿದ ಎಲೆಅಡಿಕೆಯ ಕೆಂಪು ಚುಕ್ಕಿ. ಇನ್ನೊಂದು ಮೂಲೆಯಲ್ಲಿದ್ದದ್ದು ಏನೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಳಗಿನದು ಬೇರೆ ಕಥೆ. ಸುರುವಿದಾಗ ಬಿದ್ದದ್ದು: ಆಧಾರ್ ಕಾರ್ಡು, ಬಿಪಿ ಮಾತ್ರೆ, ಹುಲಿಗೆಮ್ಮನ ಭಂಡಾರದ ಪುಡಿಕೆ, ಒಣಗಿ ಕಲ್ಲಾದ ನಿಂಬೆಹಣ್ಣು, ಅರ್ಧ ಕಡಿದ ಶೇಂಗಾಚಿಕ್ಕಿ, ಅದಕ್ಕೆ ಅಂಟಿಕೊಂಡ ಹತ್ತು ರೂಪಾಯಿ ನೋಟು, ಹನ್ನೊಂದು ಪಿನ್ನು, ಮತ್ತೆ ಒಂದು ತುಂಡು ಸೀಮೆಸುಣ್ಣ. ನಿವೃತ್ತಿಯಾಗಿ ಆರು ವರ್ಷ. ಸೀಮೆಸುಣ್ಣ ಮಾತ್ರ ಇನ್ನೂ ಸೇವೆಯಲ್ಲಿತ್ತು.

ಹುಡುಗಿ ಮೊಬೈಲು ತೆಗೆದು ಪಾಠ ಶುರುಮಾಡಿದಳು. ಮಾರಿಷಸ್ಸಿನಲ್ಲಿ ಯಾರೋ 145 ಕೈಚೀಲಗಳನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ದಾರಂತೆ. ಹೆಂಗಸರವೂ ಇದ್ದವು, ಗಂಡಸರವೂ ಇದ್ದವು. ನೂರಕ್ಕೆ ತೊಂಬತ್ತೈದರ ಮೇಲೆ ಬ್ಯಾಕ್ಟೀರಿಯಾ ಸಿಕ್ಕವು. ಚೀಲವನ್ನು ಎಂದಾದರೂ ತೊಳೆದಿದ್ದೀರಾ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಇಲ್ಲವೇ ಇಲ್ಲ ಅಂದರಂತೆ. ನನಗೆ ಮಾರಿಷಸ್ಸಿನವರ ಮೇಲೆ ಒಮ್ಮೆಲೇ ಬೀಗತನದ ಪ್ರೀತಿ ಹುಟ್ಟಿತು.

“ಹಂಗಾದ್ರ ಅವರೆಲ್ಲ ಸತ್ತರೇನ?” ಎಂದೆ.

“ಇಲ್ಲ್ರಿ.”

“ಮತ್ತ?”

ಇಲ್ಲಿ ಹುಡುಗಿಯ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಕ್ರಿಮಿ ಇದ್ದ ಮಾತ್ರಕ್ಕೆ ರೋಗವಲ್ಲ ಎಂದು ಅವಳೇ ಒಪ್ಪಿದಳು. ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಇದ್ದೇ ಇರುವ ಬ್ಯಾಕ್ಟೀರಿಯಾಗಳೇ ಕೈಯಿಂದ ಚೀಲದ ಹಿಡಿಗೆ ಹೋಗಿ ಕೂರುತ್ತವೆ. ಬಹುಪಾಲು ನಿರುಪದ್ರವಿ ಬಾಡಿಗೆದಾರರು. ತಕರಾರು ಇರುವುದು ಕಕ್ಕಸಿನ ನೆಲ, ಆಸ್ಪತ್ರೆಯ ನೆಲ, ಹಸಿಮಾಂಸದ ರಸ ಇಂಥ ಕಡೆಯಿಂದ ಹತ್ತಿಕೊಂಡು ಬರುವ ಅತಿಥಿಗಳದ್ದು. ಅವರು ಚೀಲದಲ್ಲಿ ಉಳಿಯುವುದಿಲ್ಲ. ಚೀಲದಿಂದ ಅಡಿಗೆಕಟ್ಟೆಗೆ, ಕಟ್ಟೆಯಿಂದ ಕೈಗೆ, ಕೈಯಿಂದ ಬಾಯಿಗೆ ಬಸ್ಸು ಬದಲಿಸುತ್ತಾರೆ.

ಇದಕ್ಕೆ ಅವಳು ಹೇಳಿದ ಕಥೆ ಚೆನ್ನಾಗಿತ್ತು. 2010ರಲ್ಲಿ ಅಮೆರಿಕದ ಆರೆಗಾನ್‌ನ ಹುಡುಗಿಯರ ಫುಟ್‌ಬಾಲ್ ತಂಡವೊಂದು ಪಂದ್ಯಕ್ಕೆ ಹೋಗಿ ಹೋಟೆಲಿನಲ್ಲಿ ಉಳಿದಿತ್ತು. ಒಬ್ಬ ಹುಡುಗಿಗೆ ರಾತ್ರಿ ವಾಂತಿಭೇದಿ. ಅದೇ ಬಚ್ಚಲಲ್ಲಿ ತಿಂಡಿ ತುಂಬಿದ ಚೀಲ ಇಟ್ಟಿದ್ದರು. ಆ ಹುಡುಗಿ ಚೀಲವನ್ನು ಮುಟ್ಟಿರಲಿಲ್ಲ. ಮರುದಿನ ಚೀಲದಲ್ಲಿದ್ದ ಬಿಸ್ಕೀಟು ತಿಂದ ಉಳಿದವರೂ ಮಲಗಿದರು. ತಪಾಸಣೆ ಮಾಡಿದರೆ ಚೀಲದ ಮೇಲೆ ನೊರೊವೈರಸ್. ಕಳ್ಳ ಯಾರೆಂದು ಹುಡುಕಿದರೆ ಗೋಣಿಚೀಲವೇ ಸಿಕ್ಕಿಬಿದ್ದ ಹಾಗೆ!

ಕಥೆ ಕೇಳಿ ನನಗೆ ನಮ್ಮ ಅಜ್ಜಿಯ ಚಂಚಿ ನೆನಪಾಯಿತು. ಸಂಬಂಧ ಏನು ಅಂತೀರಾ? ಹರಟೆಯಲ್ಲಿ ಸಂಬಂಧ ಹುಡುಕುವುದು ಚುರುಮುರಿಯಲ್ಲಿ ಒಗ್ಗರಣೆಯ ಸಾಸಿವೆ ಎಣಿಸಿದ ಹಾಗೆ. ಅಜ್ಜಿಗೆ ಬ್ಯಾಗು ಇರಲಿಲ್ಲ. ರೊಕ್ಕ ಸೆರಗಿನ ಗಂಟಿನಲ್ಲಿ, ಹೊಲದ ಕಾಯಿಪಲ್ಲೆ ಉಡಿಯಲ್ಲಿ, ರೊಟ್ಟಿ ಅರಿವೆಯ ಬುತ್ತಿಯಲ್ಲಿ. ಇವೆಲ್ಲ ಮೈಮೇಲೆ ಇರುವಂಥವು, ನೆಲಕ್ಕೆ ತಾಗುವುದೇ ಇಲ್ಲ. ಸೀರೆ ಒಗೆದರೆ ಬ್ಯಾಗೂ ಒಗೆದ ಹಾಗೆ. ಉಳಿದದ್ದು ಎಲೆಅಡಿಕೆಯ ಚಂಚಿ. ಇಳಕಲ್ ಸೀರೆಯ ಹಳೆ ತುಂಡಿನಲ್ಲಿ ಹೊಲಿದದ್ದು, ಮೂರು ಖಾನೆ, ಎಳೆದರೆ ಮುಚ್ಚುವ ದಾರ. ಎಲೆಗೆ ಒಂದು ಖಾನೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ತಂಬಾಕು ಎಲ್ಲಿ ಇಡುತ್ತಿದ್ದಳೆಂದು ಅಜ್ಜನಿಗೂ ಗೊತ್ತಾಗಿರಲಿಲ್ಲ.

ಚಂಚಿ ಎಂದರೆ ಸಣ್ಣ ವಸ್ತುವೆಂದು ತಿಳಿಯಬೇಡಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಎಲೆಅಡಿಕೆಯ ಚೀಲ ಹಿಡಿದವನೇ ಹಡಪದ ಅಪ್ಪಣ್ಣ. ಹಡಪ ಅಂದರೆ ಆ ಚೀಲವೇ. ಅವನೂ ವಚನ ಬರೆದ, ಹೆಂಡತಿ ಲಿಂಗಮ್ಮನೂ ಬರೆದಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಕನ್ನಡದಲ್ಲಿ ಚೀಲ ಹಿಡಿದವರು ಕವಿಗಳಾಗಿದ್ದಾರೆ. ಈಗ ಕವಿಗಳು ಬಗಲಚೀಲ ಹಾಕುತ್ತಾರೆ, ಅದು ಬೇರೆ ವಿಷಯ.

ಒಂದು ತಮಾಷೆ ನೋಡಿ. ಚಿಕ್ಕದೇವರಾಜರು ಪಟ್ಟಕ್ಕೆ ಬಂದದ್ದು 1673ರಲ್ಲಿ. ಅದೇ ದಶಕದಲ್ಲಿ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿ ಲೀವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ, ಅರಿವೆಯ ನೂಲು ಎಣಿಸುವ ಮಸೂರದ ಹುಚ್ಚು ಹತ್ತಿಸಿಕೊಂಡು, ನೀರಿನ ಹನಿಯಲ್ಲಿ ಓಡಾಡುವ ಪುಟಾಣಿ ಜೀವಿಗಳನ್ನು ಕಂಡ. 1683ರಲ್ಲಿ ತನ್ನ ಹಲ್ಲಿನ ಸಂದಿಯ ಪಾಚಿಯನ್ನೇ ಕೆರೆದು ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅಲ್ಲೊಬ್ಬ ಅರಿವೆ ಮಾರುವವನು, ಇಲ್ಲೊಬ್ಬಳು ಅರಿವೆಯ ಸಂಚಿ ಹಿಡಿದವಳು. ಹೊನ್ನಮ್ಮನ ಸಂಚಿಯ ಮೂಲೆ ಅವನ ಮಸೂರದ ಕೆಳಗೆ ಬಂದಿದ್ದರೆ? ಎಲೆಅಡಿಕೆ ಹಾಕಿದ ಹಲ್ಲು ಕಂಡಿದ್ದರೆ ಇನ್ನೂ ನಾಲ್ಕು ಪತ್ರ ಬರೆಯುತ್ತಿದ್ದನೇನೋ.

ಚೀಲದೊಳಗೆ ಕೊಳೆಯನ್ನು ಕೇಳಿ ಹಾಕಿಸಿಕೊಂಡವರೂ ನಮ್ಮ ಸೀಮೆಯಲ್ಲೇ ಇದ್ದರು. ಕುಷ್ಟಗಿ ದಾಟಿದರೆ ಇಳಕಲ್. ಅಲ್ಲಿಯ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳುಕಡಿ ಬೇಡ, ನಿನ್ನ ಕುಡಿತ ಹಾಕು, ಬೀಡಿ ಹಾಕು, ಗುಟ್ಕಾ ಹಾಕು. ಜನ ಹಾಕಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಈಗ ಸರ್ಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಷ್ಟು ಊರಿನ ಹೊಲಸು ತುಂಬಿದರೂ ಕೆಡದ ಚೀಲ ಅದೊಂದೇ ಇರಬೇಕು.

ಎಲ್ಲಿದ್ದೆ? ಹಾಂ, ಬ್ಯಾಗಿನ ತಳ.

ನಿಜವಾಗಿ ನನಗೆ ಚುಚ್ಚಿದ್ದು ಬ್ಯಾಕ್ಟೀರಿಯಾ ಅಲ್ಲ, ಚಪ್ಪಲಿ. ಇಟಗಿಯ ಮಹಾದೇವ ದೇವಾಲಯ ನಮ್ಮೂರಿಗೆ ದೂರವಲ್ಲ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಚಕ್ರವರ್ತಿಯ ಮುಂದೆ ಚಪ್ಪಲಿ ಬಿಟ್ಟೇ ಹೋಗುತ್ತೇವೆ. ಆದರೆ ಬಸ್ಸಿನಲ್ಲಿ ಅದೇ ಚಪ್ಪಲಿಯ ಮಗ್ಗುಲಲ್ಲಿ ಒಂದು ತಾಸು ಕೂತು ಬಂದ ಬ್ಯಾಗು ಹೆಗಲೇರಿ ಒಳಗೆ ಬರುತ್ತದೆ, ಮಂಗಳಾರತಿ ತಗೊಳ್ಳುತ್ತದೆ. ಮಡಿ ಮೈಲಿಗೆ ಎಂದು ಹಿಂದಿನವರು ಎಷ್ಟೊಂದು ಲೆಕ್ಕ ಇಟ್ಟಿದ್ದರು! ದುಡಿದು ಬಂದ ಮನುಷ್ಯನನ್ನು ಬಾಗಿಲ ಹೊರಗೆ ನಿಲ್ಲಿಸಿ ಎತ್ತರದಿಂದ ನೀರು ಸುರಿದ ಮನೆಗಳನ್ನು ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಆ ಮನೆಗಳಲ್ಲಿ ಸಂತೆಯ ಚೀಲ ನೆಟ್ಟಗೆ ಅಡಿಗೆಮನೆಗೆ ಹೋಗುತ್ತಿತ್ತು. ಆ ಲೆಕ್ಕ ಕೊಳೆಯದಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ಆ ಚೀಲವನ್ನೇ ಕರೆಯಬಹುದು.

2020ರಲ್ಲಿ ನಾವು ಮಾಡಿದ್ದೂ ನೆನಪಿದೆಯಲ್ಲ? ಹಾಲಿನ ಪಾಕೀಟು ತೊಳೆದೆವು, ಕೊತ್ತಂಬರಿಗೆ ಸ್ನಾನ ಮಾಡಿಸಿದೆವು. ತಂದ ಚೀಲ? ಅದು ಬಾಗಿಲ ಹಿಂದೆ ತೂಗುತ್ತ ನಗುತ್ತಿತ್ತು. ಆಮೇಲೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಟಿಕೀಟಿಗೆ ರೊಕ್ಕ ಬೇಡ, ಆದರೆ ಆಧಾರ್ ಬೇಕು. ಆಧಾರ್ ಬೇಕೆಂದರೆ ಬ್ಯಾಗು ಬೇಕು. ಮೊದಲು ವರ್ಷಕ್ಕೊಮ್ಮೆ ಗವಿಸಿದ್ದೇಶ್ವರನ ಜಾತ್ರೆಗೆ ಹೊರಡುತ್ತಿದ್ದ ನಮ್ಮ ಓಣಿಯ ಬ್ಯಾಗುಗಳೆಲ್ಲ ಈಗ ಧರ್ಮಸ್ಥಳದ ಮಣ್ಣು, ಮಂತ್ರಾಲಯದ ರಸ್ತೆಯ ಧೂಳು ಎಲ್ಲ ಕಂಡಿವೆ. ತೀರ್ಥಯಾತ್ರೆ ಮಾಡಿದ ಪುಣ್ಯ ನಮಗೆ, ಕೊಳೆ ಅವಕ್ಕೆ.

ಸರಿ, ತೊಳೆಯುವುದೆಂದು ತೀರ್ಮಾನವಾಯಿತು. ಹುಡುಗಿಯ ಶಾಸ್ತ್ರ ಹೀಗೆ: ಅರಿವೆಯ ಚೀಲವಾದರೆ ತೊಂದರೆಯೇ ಇಲ್ಲ, ಒಳಗಿನದನ್ನು ಹೊರಗೆ ತಿರುವಿ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿದರೆ ಮುಗಿಯಿತು. ಅರಿಝೋನಾದ ಚಾರ್ಲ್ಸ್ ಗರ್ಬಾ ಎಂಬ ಪ್ರೊಫೆಸರು ಮತ್ತು ಜೊತೆಗಾರರು ಅಂಗಡಿಗೆ ಬಂದವರ ಕೈಯಿಂದ 84 ಸಂತೆಚೀಲ ಇಸಕೊಂಡು ಪರೀಕ್ಷಿಸಿದಾಗ, ಒಗೆದರೆ ನೂರಕ್ಕೆ 99.9ರಷ್ಟು ಬ್ಯಾಕ್ಟೀರಿಯಾ ಹೋಗುತ್ತವೆಂದು ಕಂಡಿತಂತೆ. ಇದನ್ನು ಹೇಳಲು ಪ್ರೊಫೆಸರು ಬೇಕಾಯಿತೇ ಎಂದು ನಮ್ಮ ಅಗಸರ ಅಜ್ಜ ಕೇಳಬಹುದು. ತೊಗಲಿನದಾದರೆ ನೀರಲ್ಲಿ ಅದ್ದಬಾರದು; ಹಸಿ ಅರಿವೆಗೆ ಸ್ವಲ್ಪ ಸೋಪು ಮುಟ್ಟಿಸಿ ಒರೆಸಬೇಕು, ನೆರಳಲ್ಲಿ ಆರಿಸಬೇಕು. ರೆಕ್ಸಿನ್‌ಗೂ ಒರೆಸುವುದೇ. ಮುಖ್ಯವಾಗಿ ತಳ, ಹಿಡಿ, ಜಿಪ್ಪಿನ ಬಾಯಿ, ಒಳಗಿನ ಅಸ್ತರಿನ ಮೂಲೆ.

ಇಷ್ಟೆಲ್ಲ ಕೇಳಿಯೂ ನಾನು ಏನು ಮಾಡಿದೆ? ಮಧ್ಯಾಹ್ನ ಅವಳು ಮಲಗಿದ್ದಾಗ, ಒರೆಸಿದರೆ ಎಲ್ಲಿ ಹೋದೀತು ಈ ಹೊಲಸು ಎಂದು ಬಕೀಟಿನಲ್ಲಿ ಸೋಪಿನ ಪುಡಿ ಕಲಸಿ ಬ್ಯಾಗನ್ನು ಮುಳುಗಿಸಿ, ತಿಕ್ಕಿ, ಜಾಡಿಸಿ, ಮಾಳಿಗೆಯ ಮೇಲೆ ಹಾಕಿ ಬಂದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ಸಂಡಿಗೆ ಹಾಕಿ ಕೆಳಗಿಳಿಯುವುದರೊಳಗೆ ಒಣಗಿರುತ್ತದೆ. ಸಂಜೆ ಹೋಗಿ ನೋಡಿದರೆ ಕ್ರಿಮಿಗಳೂ ಇರಲಿಲ್ಲ, ಬ್ಯಾಗೂ ಇರಲಿಲ್ಲ. ರೆಕ್ಸಿನ್ ಹಾವಿನ ಪೊರೆಯ ಹಾಗೆ ಸುಲಿದು ನಿಂತಿತ್ತು. ಒಳಗಿನ ರಟ್ಟು ಹಪ್ಪಳದಂತೆ ಉಬ್ಬಿತ್ತು. ಜಿಪ್ಪು ಮಾತ್ರ ಗಟ್ಟಿ, ಏನು ಮಾಡಿದರೂ ತೆರೆಯಲಿಲ್ಲ.

ಬಾಜೂ ಮನೆಯ ಕಾಕಿ ಗೋಡೆಯ ಮೇಲಿಂದ ಹಣಿಕಿ, “ಅಕ್ಕೋರ, ಅದೇನು ಬದನಿಕಾಯಿ ಸುಟ್ಟೀರೇನು?” ಅಂದಳು.

ಹೊಸದು ತರುವವರೆಗೆ ಅರಿವೆಯ ಕೈಚೀಲವೇ ಗತಿ. ಅದನ್ನು ಎಲ್ಲಿ ಇಡುವುದು? ನೆಲಕ್ಕೆ ಬೇಡ, ಹಾಸಿಗೆಗೆ ಬೇಡ, ಅಡಿಗೆಕಟ್ಟೆಗಂತೂ ಬೇಡವೇ ಬೇಡ. ತೂಗುಹಾಕಿ ಎಂದಳು ಹುಡುಗಿ. ಆಗ ಹೊಳೆಯಿತು: ನಮ್ಮ ಹಳೆಯ ಮಣ್ಣಿನ ಮನೆಯ ಗೋಡೆ ತುಂಬ ಗೂಟಗಳಿದ್ದವು. ಬಾರುಕೋಲಿಗೊಂದು, ಅಜ್ಜನ ರುಮಾಲಿಗೊಂದು, ಬುತ್ತಿಗೊಂದು, ಚಂಚಿಗೊಂದು. ಒಳಗೆ ಹಾಲುಮೊಸರಿಗೆ ನೆಲವು. ಇಡೀ ಮನೆಯೇ ತೂಗುತ್ತಿತ್ತು. ಸಿಮೆಂಟಿನ ಮನೆ ಕಟ್ಟಿಸುವಾಗ ಗಾರೆ ನುಣುಪಾಗಬೇಕೆಂದು ಒಂದೂ ಬಿಡದೆ ಕೀಳಿಸಿದವಳು ನಾನೇ. ಗೂಟಗಳನ್ನು ನೀರು ಕಾಯಿಸಲು ಒಲೆಗೆ ಹಾಕಿದ್ದೂ ನಾನೇ.

ಮರುದಿನ ಗೌಂಡಿಯನ್ನು ಕರೆಸಿದೆ. ಅವನು ಗೋಡೆ ಕೊರೆದು ಒಂದು ಕೊಕ್ಕೆ ಕೂರಿಸಿ ಇನ್ನೂರು ರೂಪಾಯಿ ಅಂದ. ನನ್ನ ಚೀಲ ತೂಗುಹಾಕಿ, ಅದರ ತಳ ಗಾಳಿಯಲ್ಲಿರುವುದನ್ನು ಹುಡುಗಿಗೆ ತೋರಿಸಬೇಕೆಂದು ಒಳಗೆ ಹೋಗಿ ಕರೆದು ತಂದೆ. ಅಷ್ಟರಲ್ಲಿ ಕೊಕ್ಕೆ ಭರ್ತಿಯಾಗಿತ್ತು. ಕಾಕಿ ಕುಕನೂರಿನಿಂದ ಬಂದವಳು, ಮೆಣಸಿನಕಾಯಿ, ಉಳ್ಳಾಗಡ್ಡಿ ತುಂಬಿದ ವೈರ್ ಬುಟ್ಟಿಯನ್ನು ಅದಕ್ಕೆ ಸಿಗಿಸಿ, ನನ್ನ ಕೈಚೀಲವನ್ನು ತೆಗೆದು ಪಕ್ಕದಲ್ಲಿ ನೆಲಕ್ಕಿಟ್ಟು, ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

“ಚಲೋ ಮಾಡಿಸೀರಿ ನೋಡ್ರಿ ಅಕ್ಕೋರ,” ಅಂದಳು. “ಒಂದೀಟು ಚಾ ಮಾಡ್ರಿ.”