ಹೊರಗಿನ ತಂಡಕ್ಕೆ ಎಷ್ಟನೇ ನಂಬರ್?

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಾನೂ ನನ್ನ ರೂಮ್‌ಮೇಟೂ ಬೆಂಗಳೂರಿನ ಒಂದು ಕಾಲೇಜಿಗೆ ಕ್ವಿಜ್ ಆಡಲು ಹೋಗಿದ್ದೆವು. ಫೈನಲ್‌ನಲ್ಲಿ ಅಂಕದಲ್ಲಿ ನಾವು ಎರಡನೆಯವರು. ಆದರೆ ಬಹುಮಾನ ಕೊಡುವಾಗ, "ನೀವು ಬೇರೆ ಯೂನಿವರ್ಸಿಟಿಯವರು, ನಿಮ್ಮನ್ನು ರ‍್ಯಾಂಕಿಗೆ ಹಿಡಿಯೋದಿಲ್ಲ" ಅಂದುಬಿಟ್ಟರು! ಒಂದು ಸರ್ಟಿಫಿಕೇಟ್ ಹಿಡಿದು ರಾತ್ರಿ ಬಸ್ಸಿನಲ್ಲಿ ಹಳದೀಪುರಕ್ಕೆ ಬಂದೆ. ಬೆಳಿಗ್ಗೆ ಅಮ್ಮ "ಎಷ್ಟನೇ ನಂಬರ್ ಬಂತೋ?" ಅಂದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಈ ತಲೆನೋವು ನಮ್ಮದೊಂದೇ ಅಲ್ಲ ಅಂತ ಆಮೇಲೆ ತಿಳಿಯಿತು. ಅಮೆರಿಕದ ಕಾಲೇಜುಗಳಲ್ಲಿ ಕ್ವಿಜ್‌ಬೌಲ್ ಅಂತ ಒಂದು ಆಟ ಇದೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ನವರೂ ಆಡುತ್ತಾರೆ, ಆದರೆ ಹೆಚ್ಚಾಗಿ ತಮ್ಮ ದೇಶದಲ್ಲೇ. ಎದುರುಬದುರು ಕೂರದ ತಂಡಗಳಲ್ಲಿ ಯಾರು ಮೇಲು? ಗೆಲುವು ಎಣಿಸಿ ಉಪಯೋಗವಿಲ್ಲ. ದುರ್ಬಲರ ಮೇಲೆ ಹತ್ತು ಗೆಲ್ಲೋದೂ ಗಟ್ಟಿಗರ ಮೇಲೆ ಹತ್ತು ಗೆಲ್ಲೋದೂ ಒಂದೇ ಅಲ್ಲವಲ್ಲ!

ಅದಕ್ಕೊಂದು ದಾರಿ ಇದೆ. ಅದೇ ಪ್ರಶ್ನೆಪತ್ರಿಕೆಯನ್ನು ಎರಡೂ ಕಡೆ ಆಡಿಸುತ್ತಾರೆ. ಬಜರ್ ಒತ್ತಿ ಸರಿ ಉತ್ತರ ಹೇಳಿದ ತಂಡಕ್ಕೆ ಮೂರು ಭಾಗದ ಬೋನಸ್, ತಲಾ 10 ಅಂಕ. ಬೋನಸ್‌ನಲ್ಲಿ ಎದುರಾಳಿ ಬಜರ್ ಒತ್ತುವಂತಿಲ್ಲ. ಹಾಗಾಗಿ ಬೋನಸ್‌ಗೆ 30ರಲ್ಲಿ ಸರಾಸರಿ ಎಷ್ಟು ಅಂತ ನೋಡಿದರೆ, ಎದುರಿಗೆ ಯಾರಿದ್ದರು ಅನ್ನೋದು ಅಷ್ಟಾಗಿ ಅಡ್ಡ ಬರೋದಿಲ್ಲ. ಕೊರತೆಯೂ ಇದೆ ಅನ್ನಿ. 8 ಬೋನಸ್‌ಗಳ ಸರಾಸರಿಯನ್ನು 80ರ ಸರಾಸರಿಯಷ್ಟು ನಂಬಲಾಗದು. ಬಜರ್ ಒತ್ತುವ ಚುರುಕೂ ಇದರಲ್ಲಿ ಕಾಣೋದಿಲ್ಲ.

ಇನ್ನೊಂದು ವಿಷಯ. ಪತ್ರಿಕೆ ಒಂದೇ ಆದ ಮಾತ್ರಕ್ಕೆ ಕಷ್ಟವೂ ಒಂದೇ ಅಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆ ಕೇಳಿದರೆ ಹಳದೀಪುರದವನು ಥಟ್ಟನೆ ಹೇಳಿಯಾನು, ಆಕ್ಸ್‌ಫರ್ಡ್‌ನವ ತಲೆ ಕೆರೆದುಕೊಂಡಾನು. 2003ರಲ್ಲಿ ಶುರುವಾದ ವರ್ಲ್ಡ್ ಕ್ವಿಜಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಹಲವು ವರ್ಷ 8 ವಿಭಾಗ, 240 ಪ್ರಶ್ನೆ ಇರುತ್ತಿದ್ದವು. ಅತಿ ಕಡಿಮೆ ಅಂಕ ಬಂದ ವಿಭಾಗವನ್ನು ಲೆಕ್ಕದಿಂದ ಬಿಡುತ್ತಿದ್ದರು. ಎಲ್ಲರಿಗೂ ಒಂದು ಮೂಲೆ ಕತ್ತಲೆ ಇರುತ್ತದೆ ಅಂತ ಒಪ್ಪಿಕೊಂಡ ಹಾಗೆ.

ಇಷ್ಟೆಲ್ಲ ತಿಳಿದ ನಾನೇನು ಮಾಡಿದೆ ಗೊತ್ತಾ? ಕಳೆದ ವರ್ಷ ಕಾಲೇಜಿನ ಕಿರಿಯರ ಆನ್‌ಲೈನ್ ಕ್ವಿಜ್‌ಗೆ ನಾನೇ ಕ್ವಿಜ್ ಮಾಸ್ಟರ್. ಕಠ್ಮಂಡುವಿನಿಂದಲೂ ಒಂದು ತಂಡ ಸೇರಿತ್ತು. ನನ್ನ ಪ್ರಶ್ನೆಗಳೋ, ಐಪಿಎಲ್, ಬಾಲಿವುಡ್, ನಮ್ಮ ರೈಲ್ವೆ... ಅವರು ಕೊನೆಯ ಸ್ಥಾನ. ರಾತ್ರಿ ಯಾಕೋ ಮನಸ್ಸು ತಡೆಯದೆ, ಭಾರತದ ಪ್ರಶ್ನೆಗಳನ್ನು ತೆಗೆದು ಎಕ್ಸೆಲ್‌ನಲ್ಲಿ ಮತ್ತೆ ಕೂಡಿಸಿದೆ. ಮೂರನೇ ಸ್ಥಾನ! ಬಹುಮಾನ ಘೋಷಿಸಿ ಆಗಿತ್ತು. ಕ್ಷಮೆ ಕೇಳಿ ಒಂದು ಮೇಲ್ ಬರೆದೆ, ಅಷ್ಟೇ.

ನನ್ನನ್ನು ಬರಿಗೈಲಿ ಕಳಿಸಿದವರ ಮೇಲೆ ಇದ್ದ ಸಿಟ್ಟು ಆ ರಾತ್ರಿ ಅರ್ಧ ಇಳಿಯಿತು. ಕ್ವಿಜ್ ನಡೆಸುವ ಗೆಳೆಯರೇ, ನಿಯಮ ಏನಿದ್ದರೂ ಆಟಕ್ಕೆ ಮೊದಲೇ ಹೇಳಿ. ಪ್ರಶ್ನೆ ಬರೆಯುವಾಗ ದೂರದಿಂದ ಬರುವವರನ್ನೂ ನೆನೆಯಿರಿ. ಹೊರಗಿನವರಿಗೂ ಒಂದು ನಂಬರ್ ಕೊಡಿ, ಕೊನೆಯದಾದರೂ ಸರಿ. ಮನೆಯಲ್ಲಿ ಅಮ್ಮ ಕೇಳ್ತಾರೆ :)