ಕೋವಿ ಕೆಳಗಿಟ್ಟ ಚಿತ್ರಕಾರ

ಡಬ್ಲ್ಯು.ಡಬ್ಲ್ಯು.ಎಫ್.ನ ಕಪ್ಪು-ಬಿಳಿ ಪಾಂಡಾ ನಿಮಗೆಲ್ಲ ಗೊತ್ತಲ್ಲ? 1961ರಲ್ಲಿ ಅದಕ್ಕೆ ರೂಪ ಕೊಟ್ಟ ಕೈ ಒಂದು ಕಾಲದಲ್ಲಿ ರಾಶಿ ರಾಶಿ ಹೆಬ್ಬಾತುಗಳನ್ನು ಹೊಡೆದು ಉರುಳಿಸಿದ ಕೈ ಅಂದ್ರೆ ನಂಬ್ತೀರಾ? ಸರ್ ಪೀಟರ್ ಸ್ಕಾಟ್ ಅಂತ ಆಸಾಮಿಯ ಹೆಸರು.

ದಕ್ಷಿಣ ಧ್ರುವ ಮುಟ್ಟಿ ವಾಪಸಾಗುವಾಗ 1912ರಲ್ಲಿ ಹಿಮದಲ್ಲೇ ತೀರಿಕೊಂಡ ಕ್ಯಾಪ್ಟನ್ ಸ್ಕಾಟ್‌ನ ಒಬ್ಬನೇ ಮಗ ಈತ. ಆಗ ಇವನಿಗಿನ್ನೂ ಎರಡು ವರ್ಷ. ಹುಡುಗನಿಗೆ ಪ್ರಾಣಿ-ಪಕ್ಷಿಗಳ ಬಗ್ಗೆ ಆಸಕ್ತಿ ಹುಟ್ಟಿಸು, ಆಟೋಟಕ್ಕಿಂತ ಅದು ಒಳ್ಳೇದು ಅನ್ನೋ ಅರ್ಥದಲ್ಲಿ ಅಪ್ಪ ಕೊನೆಯ ಪತ್ರದಲ್ಲಿ ಹೆಂಡತಿಗೆ ಬರೆದಿದ್ದ. ಮಗರಾಯ ಎರಡನ್ನೂ ಬಿಡಲಿಲ್ಲ! 1936ರ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಓಡಿಸಿ ಕಂಚು ಗೆದ್ದ, 1963ರಲ್ಲಿ ಬ್ರಿಟನ್ನಿನ ಗ್ಲೈಡಿಂಗ್ ಚಾಂಪಿಯನ್ ಆದ.

ಆದರೆ ಅಸಲಿ ಹುಚ್ಚು ಇದ್ದದ್ದು ಶಿಕಾರಿಯದ್ದು. ಕೇಂಬ್ರಿಡ್ಜ್‌ನಲ್ಲಿ ಓದುವಾಗ ಬೆಳಗಿನ ಜಾವಕ್ಕೇ ಕೋವಿ ಹಿಡಿದು ಸಮುದ್ರದಂಚಿನ ಜೌಗಿಗೆ ಇಳಿಯೋನು. ಆಮೇಲೆ ನೆನೆ ಅನ್ನೋ ನದಿ ಸಮುದ್ರ ಸೇರುವ ಜಾಗದಲ್ಲಿ ಹಳೇ ದೀಪಸ್ತಂಭವೊಂದರಲ್ಲಿ ವಾಸ. ಹೊಡೆಯೋದೂ ಹೆಬ್ಬಾತನ್ನೇ, ಬರೆಯೋದೂ ಹೆಬ್ಬಾತನ್ನೇ. ಚಿತ್ರಗಳಲ್ಲಿ ಮುಕ್ಕಾಲು ಪಾಲು ಬರೀ ಆಕಾಶ, ಕೆಳಗೆ ಒಂದು ಗೆರೆಯಷ್ಟು ನೆಲ, ನಡುವೆ ಹಾರುವ ಸಾಲು. ನಿಜ ಹೇಳಬೇಕೂಂದ್ರೆ ಹತ್ತು ನೋಡಿದ ಮೇಲೆ ಎಲ್ಲ ಒಂದೇ ಥರ ಕಾಣುತ್ತೆ. ಆದರೆ ಆ ಮುಂಜಾವಿನ ಬೆಳಕಿದೆಯಲ್ಲ, ಅದು ಚಳಿಯಲ್ಲಿ ಕೆಸರಲ್ಲಿ ಕೂತು ಕಾದವನಿಗೆ ಮಾತ್ರ ಸಿಗೋದು. ಈ ಅನುಭವವನ್ನೇ ಚಿತ್ರ ಸಮೇತ 'ಮಾರ್ನಿಂಗ್ ಫ್ಲೈಟ್' (1935), 'ವೈಲ್ಡ್ ಕೋರಸ್' (1938) ಅಂತ ಪುಸ್ತಕ ಮಾಡಿದ.

ಕೊಲ್ಲೋನಿಗೆ ಪ್ರೀತಿ ಹೇಗೆ ಅಂತ ಕೇಳಬಹುದು. ಮಲೆನಾಡಲ್ಲಿ ಕೋವಿ ಇದ್ದ ಮನೆಯಲ್ಲಿ ಬೆಳೆದ ನನಗೆ ಅದೇನೂ ವಿಚಿತ್ರ ಅನ್ನಿಸಲ್ಲ. ಕಾಡಿನ ಬಗ್ಗೆ ನಮ್ಮ ದೊಡ್ಡಪ್ಪನಷ್ಟು ಚೆನ್ನಾಗಿ ಮಾತಾಡುವವರನ್ನು ನಾನಿನ್ನೂ ನೋಡಿಲ್ಲ. ಅವರು ಕಡೇವರೆಗೂ ಈಡು ಬಿಡಲಿಲ್ಲ, ಆ ಮಾತು ಬೇರೆ.

ಸ್ಕಾಟ್ ಬಿಟ್ಟ. ಗುಂಡು ತಿಂದ ಹೆಬ್ಬಾತೊಂದು ಯಾರೂ ಕಾಲಿಡಲಾಗದ ಕೆಸರಿನಲ್ಲಿ ಬಿತ್ತು. ಹೋಗಿ ಅದರ ನರಳಾಟ ಮುಗಿಸೋದಕ್ಕೂ ದಾರಿಯಿಲ್ಲ. ಮಾರನೇ ದಿನ ನೋಡಿದರೆ ಇನ್ನೂ ಜೀವ ಹಿಡಿದುಕೊಂಡು ಅಲ್ಲೇ ಇದೆ. ಕೂಡಲೇ ಕೋವಿ ಎಸೆದ ಅಂತಲ್ಲ, ಅಷ್ಟು ಸುಲಭಕ್ಕೆ ಹೋಗೋ ಚಟವೂ ಅದಲ್ಲ. ಆದರೆ ಆ ಹಕ್ಕಿ ತಲೆಯಲ್ಲಿ ಉಳಿಯಿತು, ಕಡೆಗೆ ಶಿಕಾರಿ ನಿಂತೇ ಹೋಯಿತು.

ಸೆವರ್ನ್ ನದಿ ಪಕ್ಕದ ಸ್ಲಿಂಬ್ರಿಡ್ಜ್‌ನಲ್ಲಿ 1946ರಲ್ಲಿ ನೀರುಹಕ್ಕಿಗಳಿಗಾಗಿ ಒಂದು ಟ್ರಸ್ಟ್ ಕಟ್ಟಿದ್ದ. ಆ ಹೊತ್ತಿಗೆ ಹವಾಯಿಯ ಕಾಡುಗಳಲ್ಲಿ ಒಂದು ಜಾತಿ ಹೆಬ್ಬಾತು ಬರೀ ಮೂವತ್ತರಷ್ಟಕ್ಕೆ ಇಳಿದಿತ್ತು. ಅದರ ಹೆಸರೂ ನೆನೆ! (ಉಚ್ಚಾರ ಬೇರೆಯಂತೆ, ಇಂಗ್ಲಿಷಿನಲ್ಲಿ ಬರೆಯೋದು ಮಾತ್ರ ಆ ನದಿಯ ಹಾಗೇನೇ. ಕನ್ನಡದಲ್ಲಿ 'ನೆನೆ' ಅಂದ್ರೆ ಜ್ಞಾಪಿಸಿಕೋ ಅಂತಲೂ ಆಗುತ್ತೆ, ಒದ್ದೆಯಾಗು ಅಂತಲೂ ಆಗುತ್ತೆ. ನೀರಹಕ್ಕಿಗೆ ಇದಕ್ಕಿಂತ ಹೆಸರು ಬೇಕೇ?) 1950ರಲ್ಲಿ ಜೋಡಿ ಅಂತ ತರಿಸಿದರೆ ಎರಡೂ ಮೊಟ್ಟೆ ಇಟ್ಟುಬಿಟ್ಟವು. ಎರಡೂ ಹೆಣ್ಣು :-) ಆಮೇಲೆ ಒಂದು ಗಂಡು ತರಿಸಿ ಸಂಸಾರ ಹೂಡಿಸಿದ್ದು. ಅವುಗಳ ಸಂತಾನ 1962ರಲ್ಲಿ ವಾಪಸ್ ಮಾವಿ ದ್ವೀಪಕ್ಕೆ ಹೋಯಿತು. ಹವಾಯಿಯವರೂ ಮರಿ ಮಾಡಿಸುತ್ತಿದ್ದರು ಅನ್ನಿ. ಈಗ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚಿವೆ.

ನನಗೆ ಇದಕ್ಕಿಂತ ಇಷ್ಟವಾಗಿದ್ದು ಹಂಸಗಳ ಕಥೆ. ಚಳಿಗಾಲದಲ್ಲಿ ರಷ್ಯಾದ ಉತ್ತರ ತುದಿಯಿಂದ ಬರುವ ಬೀವಿಕ್ ಹಂಸಗಳ ಕೊಕ್ಕಿನ ಕಪ್ಪು-ಹಳದಿ ಗುರುತು ಒಂದರದ್ದು ಇನ್ನೊಂದರಂತಿಲ್ಲ ಅಂತ ಸ್ಕಾಟ್ 1964ರಲ್ಲಿ ಗಮನಿಸಿದ. ಮನೆಯ ಕಿಟಕಿಯಲ್ಲಿ ಕೂತು ಒಂದೊಂದರ ಮುಖ ಬರೆದು, ಒಂದೊಂದಕ್ಕೂ ಹೆಸರಿಟ್ಟ. ಮುಂದಿನ ವರ್ಷ ಯಾರು ಬಂದರು, ಯಾರು ಬರಲಿಲ್ಲ, ಯಾರ ಜೊತೆ ಮರಿ ಇದೆ, ಎಲ್ಲ ಲೆಕ್ಕ. ಸ್ಕಾಟ್ ತೀರಿಕೊಂಡಿದ್ದು 1989ರಲ್ಲಿ. ಹಂಸಗಳ ಮುಖ ಬರೆದಿಡುವ ಕೆಲಸ ಆಮೇಲೂ ನಡೆದುಕೊಂಡು ಬಂತು.